ಮನೆಯೊಳಗಿನ ಧ್ವನಿ: ಸ್ಪೀಕರ್, ಸಬ್‌ವೂಫರ್ ಮತ್ತು ಕೋಣೆಯ ನಂಟು

ಅಂಗಡಿಯಲ್ಲಿ ಇಂಪಾಗಿ ಕೇಳಿಸಿದ ಸ್ಪೀಕರ್ ಮನೆಗೆ ಬಂದ ಮೇಲೆ ಬೇರೆಯೇ ಆಗಿ ಕೇಳಿಸುವುದು ಬಹಳಷ್ಟು ಗ್ರಾಹಕರ ಅನುಭವ. ಚಲನಚಿತ್ರದ ಸಂಭಾಷಣೆ ಅಸ್ಪಷ್ಟವಾಗುತ್ತದೆ. ಮೃದಂಗದ ಎಡಭಾಗದ ನಾದ ಗುಂಯ್‌ಗುಟ್ಟುತ್ತದೆ. ಒಂದು ಕುರ್ಚಿಯಲ್ಲಿ ಕುಳಿತವರಿಗೆ ಬಾಸ್ ಅತಿಯಾಯಿತು ಎನಿಸಿದರೆ, ನಾಲ್ಕಡಿ ಆಚೆ ಕುಳಿತವರಿಗೆ ಅದು ಇದ್ದಂತೆಯೇ ತೋರುವುದಿಲ್ಲ. ಇಂತಹ ಸಂದರ್ಭದಲ್ಲಿ ದೋಷವನ್ನು ಪೆಟ್ಟಿಗೆಯ ಮೇಲೆ ಹೊರಿಸಿ, ಅದಕ್ಕಿಂತ ದುಬಾರಿಯಾದ ಇನ್ನೊಂದನ್ನು ಕೊಂಡು ತರುವುದು ರೂಢಿ. ಹೊಸ ಪೆಟ್ಟಿಗೆಯೂ ಅದೇ ಜಾಗದಲ್ಲಿ ಅದೇ ತೊಂದರೆಯನ್ನು ಮುಂದುವರಿಸಿದಾಗ ಮಾತ್ರ ಕೋಣೆಯ ಕಡೆಗೆ ಗಮನ ಹರಿಯುತ್ತದೆ.

ಕೇಳುಗನ ಕಿವಿಯನ್ನು ತಲುಪುವ ಧ್ವನಿಯನ್ನು ಮೂರು ಅಂಶಗಳು ನಿರ್ಧರಿಸುತ್ತವೆ. ಸ್ಪೀಕರ್ ಯಾವ ದಿಕ್ಕಿಗೆ ಎಷ್ಟು ಧ್ವನಿಯನ್ನು ಹರಡುತ್ತದೆ ಎಂಬುದು ಮೊದಲನೆಯದು. ಗೋಡೆ, ನೆಲ, ಛಾವಣಿಗಳು ಅದನ್ನು ಎಷ್ಟು ಹಿಂದಿರುಗಿಸುತ್ತವೆ ಎಂಬುದು ಎರಡನೆಯದು. ಕೋಣೆಯ ಅಳತೆ ಮತ್ತು ಸಬ್‌ವೂಫರ್ ಇರುವ ಸ್ಥಳ ಮೂರನೆಯದು. ಈ ಮೂರೂ ಎಲ್ಲ ಸ್ವರಗಳಿಗೂ ಒಂದೇ ತೆರನಾಗಿ ಅನ್ವಯಿಸುವುದಿಲ್ಲ. ಸಾಧಾರಣ ಗಾತ್ರದ ಮನೆಗಳಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಮೇಲೆ ಸ್ಪೀಕರಿನ ಗುಣ ಪ್ರಧಾನವಾದರೆ, ಅದಕ್ಕಿಂತ ಕೆಳಗೆ ಕೋಣೆಯದೇ ಮೇಲುಗೈ. ಈ ಗಡಿಯನ್ನು ಅರಿತರೆ ಹಣವನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬಹುದು ಎಂಬುದು ಸ್ಪಷ್ಟವಾಗುತ್ತದೆ.

ಶಬ್ದದ ಅಲೆಯ ಉದ್ದ

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುತ್ತದೆ. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ, ಅಂದರೆ ತರಂಗದೂರ ದೊರೆಯುತ್ತದೆ. 10,000 ಹರ್ಟ್ಸ್‌ನ ಅಲೆ ಮೂರೂವರೆ ಸೆಂಟಿಮೀಟರಿಗಿಂತ ಚಿಕ್ಕದು. 1,000 ಹರ್ಟ್ಸ್‌ನದು 34 ಸೆಂಟಿಮೀಟರ್. 50 ಹರ್ಟ್ಸ್‌ನ ಅಲೆ ಸುಮಾರು 7 ಮೀಟರ್ ಮತ್ತು 20 ಹರ್ಟ್ಸ್‌ನದು 17 ಮೀಟರ್ ಉದ್ದವಿರುತ್ತದೆ.

ಒಂದು ಅಲೆ ತನಗಿಂತ ಬಹಳ ಚಿಕ್ಕದಾದ ವಸ್ತುವನ್ನು ಸುತ್ತುವರಿದು ಮುಂದೆ ಸಾಗುತ್ತದೆ. ತನಗಿಂತ ದೊಡ್ಡದಾದ ಮೇಲ್ಮೈಗೆ ತಗುಲಿದಾಗ ಕನ್ನಡಿಗೆ ಬಿದ್ದ ಬೆಳಕಿನಂತೆ ಪ್ರತಿಫಲಿಸುತ್ತದೆ. ತಾರಸ್ವರಗಳು ಬೆಳಕಿನ ಕಿರಣದಂತೆ ವರ್ತಿಸಲು, ಮಂದ್ರಸ್ವರಗಳು ನೀರಿನಂತೆ ಕೋಣೆಯನ್ನೆಲ್ಲ ತುಂಬಿಕೊಳ್ಳಲು ಇದೇ ಕಾರಣ.

ಸ್ಪೀಕರಿನ ದಿಕ್ಕಿನ ಗುಣ

ಸ್ಪೀಕರ್ ತನ್ನ ಎದುರಿಗಷ್ಟೇ ಧ್ವನಿಯನ್ನು ಕಳುಹಿಸುವುದಿಲ್ಲ. ಪಕ್ಕಕ್ಕೆ, ಮೇಲಕ್ಕೆ, ಹಿಂದಕ್ಕೆ ಕೂಡ ಧ್ವನಿ ಹರಡುತ್ತದೆ. ಯಾವ ದಿಕ್ಕಿಗೆ ಎಷ್ಟು ಎಂಬುದನ್ನು ತಿಳಿಸುವ ಗುಣವೇ ಡೈರೆಕ್ಟಿವಿಟಿ. ಕಂಪಿಸುವ ಶಂಕುವಿನ ವ್ಯಾಸಕ್ಕಿಂತ ಅಲೆ ಉದ್ದವಾಗಿದ್ದರೆ ಧ್ವನಿ ಎಲ್ಲ ಕಡೆಗೂ ಹರಡುತ್ತದೆ. ಅಲೆ ಚಿಕ್ಕದಾಗುತ್ತ ಹೋದಂತೆ ಧ್ವನಿಯು ಟಾರ್ಚಿನ ಬೆಳಕಿನ ಹಾಗೆ ಕಿರಿದಾಗುತ್ತದೆ.

ಎಂಟು ಅಂಗುಲದ ವೂಫರಿನ ವ್ಯಾಸ ಸುಮಾರು 20 ಸೆಂಟಿಮೀಟರ್. ಅಷ್ಟೇ ಉದ್ದದ ಅಲೆ 1,700 ಹರ್ಟ್ಸ್‌ನ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕಿಂತ ಮೇಲಿನ ಸ್ವರಗಳನ್ನು ಈ ವೂಫರ್ ಪಕ್ಕಕ್ಕೆ ಹರಡುವುದು ಕಡಿಮೆ. ಒಂದು ಅಂಗುಲದ ಟ್ವೀಟರ್ ಚಿಕ್ಕದಾದ ಕಾರಣ ಅದೇ ಸ್ವರಗಳನ್ನು ವಿಶಾಲವಾಗಿ ಹರಡಬಲ್ಲದು. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದು, ಸುಮಾರು 2,500 ಹರ್ಟ್ಸ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಕೆಲಸ ಹಸ್ತಾಂತರವಾದರೆ, ಕಿರಿದಾಗುತ್ತಿದ್ದ ಧ್ವನಿ ಅಲ್ಲಿ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ನೇರ ಎದುರಿಗೆ ಅಳೆದಾಗ ಸಮತಟ್ಟಾಗಿ ಕಾಣುವ ಇಂತಹ ಸ್ಪೀಕರ್, ಪಕ್ಕದ ಗೋಡೆಗೆ ತಗುಲಿ ಮರಳುವ ಧ್ವನಿಯಲ್ಲಿ ಒಂದು ಭಾಗವನ್ನು ಉಬ್ಬಿಸಿರುತ್ತದೆ. ಕೆಲವು ಸ್ಪೀಕರ್‌ಗಳಲ್ಲಿ ಟ್ವೀಟರಿನ ಸುತ್ತ ಆಳವಿಲ್ಲದ ಕಹಳೆಯ ಬಾಯಿಯಂತಹ ಆಕಾರವಿರುವುದನ್ನು ಗಮನಿಸಬಹುದು. ಅದು ಅಲಂಕಾರಕ್ಕಾಗಿ ಇರುವುದಲ್ಲ. ಟ್ವೀಟರಿನ ಹರಡುವಿಕೆಯನ್ನು ವೂಫರಿನದಕ್ಕೆ ಹೊಂದಿಸುವ ವ್ಯವಸ್ಥೆ ಅದು.

ಟಿವಿಯ ಕೆಳಗೆ ಅಡ್ಡಲಾಗಿ ಮಲಗಿಸುವ ಸೆಂಟರ್ ಸ್ಪೀಕರಿನದು ಇನ್ನೊಂದು ಸಮಸ್ಯೆ. ನಡುವೆ ಟ್ವೀಟರ್, ಎರಡು ಬದಿಗೆ ಎರಡು ವೂಫರ್ ಇರುವುದು ಇದರ ಸಾಮಾನ್ಯ ವಿನ್ಯಾಸ. ವೂಫರುಗಳ ಕೇಂದ್ರಗಳ ನಡುವೆ 40 ಸೆಂಟಿಮೀಟರ್ ಅಂತರವಿದ್ದರೆ, ನೇರ ರೇಖೆಯಿಂದ 30 ಡಿಗ್ರಿ ಪಕ್ಕಕ್ಕೆ ಕುಳಿತವರಿಗೆ ಒಂದು ವೂಫರಿನ ಧ್ವನಿ ಇನ್ನೊಂದಕ್ಕಿಂತ 20 ಸೆಂಟಿಮೀಟರ್ ಹೆಚ್ಚು ದೂರ ಸಾಗಿ ಬರುತ್ತದೆ. ಸುಮಾರು 860 ಹರ್ಟ್ಸ್‌ನ ಅಲೆಗೆ ಇದು ಅರ್ಧ ತರಂಗದೂರ. ಆದ್ದರಿಂದ ಅಲ್ಲಿ ಎರಡೂ ಅಲೆಗಳು ಪರಸ್ಪರ ಅಳಿಸಿಹೋಗುತ್ತವೆ. ಮಾತಿನ ಸ್ಪಷ್ಟತೆಗೆ ಬೇಕಾದ ವ್ಯಾಪ್ತಿಯಲ್ಲೇ ಈ ಕೊರತೆ ಉಂಟಾಗುವುದರಿಂದ, ಸೋಫಾದ ತುದಿಯಲ್ಲಿ ಕುಳಿತವರಿಗೆ ಸಂಭಾಷಣೆ ಸರಿಯಾಗಿ ಕೇಳಿಸುವುದಿಲ್ಲ. ಮನೆಯ ಹಿರಿಯರಿಗೆ ಕಿವಿ ಮಂದವಾಯಿತೆಂದು ತೀರ್ಮಾನಿಸುವ ಮೊದಲು ಅವರು ಕೂರುವ ಜಾಗವನ್ನು ಬದಲಿಸಿ ನೋಡುವುದು ಲೇಸು.

ಕೆನಡಾದ ಪ್ರಯೋಗಗಳು

ದಿಕ್ಕಿನ ಗುಣಕ್ಕೂ ಕೇಳುಗರ ಮೆಚ್ಚುಗೆಗೂ ಇರುವ ಸಂಬಂಧವನ್ನು ವ್ಯವಸ್ಥಿತವಾಗಿ ತೋರಿಸಿದವರಲ್ಲಿ ಡಾ. ಫ್ಲಾಯ್ಡ್ ಟೂಲ್ ಪ್ರಮುಖರು. 1965ರಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯನ್ನು ಸೇರಿದ ಅವರು, ಸ್ಪೀಕರುಗಳನ್ನು ಪರದೆಯ ಹಿಂದೆ ಇಟ್ಟು ಕೇಳಿಸುವ ಪ್ರಯೋಗಗಳನ್ನು ವರ್ಷಗಟ್ಟಲೆ ನಡೆಸಿದರು. ಹೆಸರು, ಬೆಲೆ, ಗಾತ್ರ ಯಾವುದೂ ಕೇಳುಗರಿಗೆ ತಿಳಿಯದಿದ್ದಾಗ ಅವರ ಆಯ್ಕೆಗಳಲ್ಲಿ ಅಚ್ಚರಿ ಹುಟ್ಟಿಸುವಷ್ಟು ಹೊಂದಾಣಿಕೆ ಕಂಡುಬಂತು. ಎದುರಿಗೆ ಸಮತಟ್ಟಾದ ಧ್ವನಿ ನೀಡುವ ಮತ್ತು ಪಕ್ಕಕ್ಕೆ ಹೋದಂತೆ ಏರಿಳಿತವಿಲ್ಲದೆ ನಯವಾಗಿ ತಗ್ಗುವ ಸ್ಪೀಕರುಗಳಿಗೇ ಹೆಚ್ಚಿನ ಅಂಕ ದೊರೆಯಿತು. ಈ ಫಲಿತಾಂಶಗಳು 1985 ಮತ್ತು 1986ರಲ್ಲಿ ಪ್ರಕಟಗೊಂಡವು. 1991ರಲ್ಲಿ ಟೂಲ್ ಹರ್ಮನ್ ಸಂಸ್ಥೆಯನ್ನು ಸೇರಿ ಅಲ್ಲಿ ಸಂಶೋಧನೆಯನ್ನು ಮುಂದುವರಿಸಿದರು.

ಪ್ರತಿಧ್ವನಿಯಿಲ್ಲದ ಕೊಠಡಿಯಲ್ಲಿ ಸ್ಪೀಕರನ್ನು 10 ಡಿಗ್ರಿಗೊಮ್ಮೆ ತಿರುಗಿಸುತ್ತ ಅಡ್ಡಲಾಗಿಯೂ ಲಂಬವಾಗಿಯೂ ಒಟ್ಟು 70 ಅಳತೆಗಳನ್ನು ತೆಗೆಯುವ ವಿಧಾನ ಈ ಸಂಶೋಧನೆಯಿಂದಲೇ ಬೆಳೆದುಬಂದಿತು. ಸ್ಪಿನೊರಾಮ ಎಂದು ಕರೆಯಲಾಗುವ ಈ ವಿಧಾನಕ್ಕೆ 2013ರಲ್ಲಿ ಅಮೆರಿಕದಲ್ಲಿ ಉದ್ಯಮದ ಮಾನಕದ ಸ್ಥಾನ ದೊರೆಯಿತು. ಇಂತಹ ನಕ್ಷೆ ಲಭ್ಯವಿರುವ ಸ್ಪೀಕರನ್ನು ಕೊಳ್ಳುವವರು ವ್ಯಾಟ್ ಮತ್ತು ಬೆಲೆಗಿಂತ ಹೆಚ್ಚು ಉಪಯುಕ್ತವಾದ ಮಾಹಿತಿಯನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಪಕ್ಕದ ಗೋಡೆಯ ಪ್ರತಿಫಲನಗಳನ್ನೆಲ್ಲ ಅಳಿಸಿಹಾಕಬೇಕೆಂಬ ನಂಬಿಕೆಗೂ ಇದರಿಂದ ತಿದ್ದುಪಡಿ ಸಿಕ್ಕಿತು. ಜರ್ಮನಿಯ ಗಾಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ 1949ರಲ್ಲಿ ಸಲ್ಲಿಸಿದ ಪ್ರಬಂಧವು, ಮಾತಿನ ವಿಷಯದಲ್ಲಿ ಸುಮಾರು 30 ಸಾವಿರಾಂಶ ಸೆಕೆಂಡಿನೊಳಗೆ ಬರುವ ಪ್ರತಿಫಲನವನ್ನು ಮಿದುಳು ಮೂಲಧ್ವನಿಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ತೋರಿಸಿತ್ತು. ಸ್ಪೀಕರ್ ಪಕ್ಕಕ್ಕೂ ಉತ್ತಮ ಧ್ವನಿಯನ್ನೇ ಹರಡುತ್ತಿದ್ದರೆ ಪಕ್ಕದ ಗೋಡೆಯಿಂದ ಬರುವ ಪ್ರತಿಫಲನ ಸಂಗೀತಕ್ಕೆ ವಿಸ್ತಾರವನ್ನು ಕೊಡುತ್ತದೆ. ಸ್ಪೀಕರಿನ ಪಕ್ಕದ ಧ್ವನಿಯೇ ಕೆಟ್ಟಿದ್ದಾಗ ಅದೇ ಗೋಡೆ ದೋಷವನ್ನು ಎತ್ತಿ ತೋರಿಸುತ್ತದೆ.

ಅನುರಣನ ಮತ್ತು ಬರಿಯ ಗೋಡೆಗಳು

ಧ್ವನಿಯ ಮೂಲ ನಿಂತ ಮೇಲೂ ಕೋಣೆಯಲ್ಲಿ ಧ್ವನಿ ಉಳಿದು ನಿಧಾನವಾಗಿ ಕ್ಷೀಣಿಸುವುದಕ್ಕೆ ಅನುರಣನ ಎಂದು ಹೆಸರು. ಧ್ವನಿ 60 ಡೆಸಿಬೆಲ್‌ನಷ್ಟು ತಗ್ಗಲು ಹಿಡಿಯುವ ಸಮಯವೇ ಅದರ ಅಳತೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮರುದನಿಸುವುದನ್ನು, ಪಿಸುಮಾತು ಗುಮ್ಮಟದ ಎದುರು ಬದಿಯವರೆಗೂ ತಲುಪುವುದನ್ನು ಕೇಳಿದವರಿಗೆ ಗಟ್ಟಿ ಮೇಲ್ಮೈಗಳ ಪ್ರಭಾವವನ್ನು ವಿವರಿಸಬೇಕಿಲ್ಲ.

ಈ ವಿಷಯವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಭೌತಶಾಸ್ತ್ರಜ್ಞ ವ್ಯಾಲೆಸ್ ಸಾಬಿನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆ ಯುವ ಪ್ರಾಧ್ಯಾಪಕ ಸಾಬಿನ್ ಅವರ ಪಾಲಿಗೆ ಬಂತು. ಅವರು ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ತರಿಸಿ ಹಾಸಿ, ಆರ್ಗನ್ ಕೊಳವೆಯನ್ನು ನುಡಿಸಿ, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದರು. ಖಾಲಿ ಮಂದಿರದಲ್ಲಿ ಅದು ಸುಮಾರು ಐದೂವರೆ ಸೆಕೆಂಡ್ ಇತ್ತು. ಈ ಪ್ರಯೋಗಗಳಿಂದ ದೊರೆತ ಸೂತ್ರದ ಆಧಾರದ ಮೇಲೆಯೇ 1900ರಲ್ಲಿ ಆರಂಭವಾದ ಬಾಸ್ಟನ್ ಸಿಂಫನಿ ಹಾಲ್ ರೂಪುಗೊಂಡಿತು.

ಸಾಬಿನ್ ಸೂತ್ರ ಸರಳವಾದುದು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸೆಕೆಂಡುಗಳಲ್ಲಿ ಸಿಗುತ್ತದೆ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್‌ನ ಘನ ಅಳತೆ ಸುಮಾರು 51 ಘನ ಮೀಟರ್. ಗಾರೆಯ ಗೋಡೆ, ಟೈಲ್ಸ್ ನೆಲ, ಕಾಂಕ್ರೀಟ್ ಛಾವಣಿಗಳು ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ಶೇ. 3ರಷ್ಟನ್ನು ಮಾತ್ರ ಹೀರಿದರೆ, ಖಾಲಿ ಹಾಲ್‌ನ ಅನುರಣನ ಕಾಲ 3 ಸೆಕೆಂಡನ್ನು ಮೀರುತ್ತದೆ. ಮೆತ್ತನೆಯ ಸೋಫಾ, ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟುಗಳಿಂದ ಒಟ್ಟು ಹೀರಿಕೆ 16 ಚದರ ಮೀಟರಿಗೆ ಸಮನಾದರೆ ಅದು ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಮನೆಯ ಹಾಲ್‌ಗೆ 0.3ರಿಂದ 0.5 ಸೆಕೆಂಡ್ ಹಿತಕರ. ಮಾತು ಅಸ್ಪಷ್ಟವಾಗಿ ಕೇಳಿಸುವ ಮನೆಗಳಲ್ಲಿ ಹೊಸ ಆಂಪ್ಲಿಫೈಯರಿಗಿಂತ ಒಂದು ದೊಡ್ಡ ಜಮಖಾನ ಹೆಚ್ಚು ಉಪಕಾರ ಮಾಡಬಲ್ಲದು.

ಆದರೆ ಬಟ್ಟೆ, ತೆಳು ಫೋಮ್‌ಗಳ ಶಕ್ತಿಗೆ ಮಿತಿಯಿದೆ. ಗೋಡೆಗೆ ಅಂಟಿಸಿದ ಹೀರುವ ವಸ್ತು ಪರಿಣಾಮಕಾರಿಯಾಗಿ ಕೆಲಸ ಮಾಡಲು ಅದರ ದಪ್ಪ ತರಂಗದೂರದ ಕಾಲು ಭಾಗದ ಹತ್ತಿರಕ್ಕಾದರೂ ಬರಬೇಕು. 50 ಹರ್ಟ್ಸ್‌ಗೆ ಅದು 1.7 ಮೀಟರ್. ಒಂದಂಗುಲದ ಫೋಮ್ ಅಥವಾ ಮೊಟ್ಟೆಯ ಟ್ರೇಗಳನ್ನು ಗೋಡೆ ತುಂಬ ಹಚ್ಚುವುದರಿಂದ ತಾರಸ್ವರಗಳು ಮಂಕಾಗುತ್ತವೆಯೇ ಹೊರತು ಬಾಸ್‌ನ ಗುಂಯ್‌ಗುಡುವಿಕೆ ಕದಲುವುದಿಲ್ಲ.

200 ಹರ್ಟ್ಸ್‌ಗಿಂತ ಕೆಳಗೆ

ಕೋಣೆಯ ಆಳ್ವಿಕೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಜರ್ಮನ್ ವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಅವರ ಹೆಸರಿನ ಆವೃತ್ತಿ ಸೂಚಿಸುತ್ತದೆ. ಅನುರಣನ ಕಾಲವನ್ನು ಘನ ಅಳತೆಯಿಂದ ಭಾಗಿಸಿ, ಅದರ ವರ್ಗಮೂಲವನ್ನು 2,000ದಿಂದ ಗುಣಿಸಬೇಕು. ಮೇಲೆ ಹೇಳಿದ ಹಾಲ್‌ನ ಅನುರಣನ ಕಾಲ ಅರ್ಧ ಸೆಕೆಂಡಾದರೆ ಉತ್ತರ ಸುಮಾರು 200 ಹರ್ಟ್ಸ್.

ಇದಕ್ಕಿಂತ ಕೆಳಗಿನ ಅಲೆಗಳು ಎದುರುಬದುರು ಗೋಡೆಗಳ ನಡುವೆ ಹೊಯ್ದಾಡುತ್ತ ಸ್ಥಾಯೀ ತರಂಗಗಳನ್ನು ಉಂಟುಮಾಡುತ್ತವೆ. ಗೋಡೆಗಳ ನಡುವಿನ ಅಂತರವು ಅರ್ಧ ತರಂಗದೂರಕ್ಕೆ ಸಮನಾದ ಆವೃತ್ತಿಯಲ್ಲಿ ಮೊದಲ ಅನುನಾದ ಹುಟ್ಟುತ್ತದೆ. 15 ಅಡಿಗೆ ಅದು ಸುಮಾರು 38 ಹರ್ಟ್ಸ್, 12 ಅಡಿಗೆ 47, ಛಾವಣಿಯ 10 ಅಡಿಗೆ 56. ಇವುಗಳ ಗುಣಕಗಳಲ್ಲೂ ಅನುನಾದಗಳು ಬರುತ್ತವೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಒಂದು ಮನೆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಸಂಗೀತದ ಬುನಾದಿಯಾದ ಸ್ವರಗಳೆಲ್ಲ ಈ ಅನುನಾದಗಳ ನಡುವೆಯೇ ಬರುತ್ತವೆ. ಕೋಣೆಯ ಉದ್ದ ಮತ್ತು ಅಗಲ ಒಂದೇ ಆಗಿದ್ದರೆ ಎರಡು ಅನುನಾದಗಳು ಒಂದೇ ಕಡೆ ಸೇರಿ ಒಂದು ಸ್ವರ ಮಾತ್ರ ಅಬ್ಬರಿಸುತ್ತದೆ.

ಸ್ಥಾಯೀ ತರಂಗದ ಒತ್ತಡ ಗೋಡೆಯ ಬಳಿ ಗರಿಷ್ಠ. ಮೊದಲ ಅನುನಾದಕ್ಕೆ ಕೋಣೆಯ ನಟ್ಟನಡುವೆ ಅದು ಬಹುತೇಕ ಶೂನ್ಯ. ಹಿಂಗೋಡೆಗೆ ಒರಗಿದ ಸೋಫಾದಲ್ಲಿ ಬಾಸ್ ಉಕ್ಕುವುದಕ್ಕೂ, ಕೋಣೆಯ ಮಧ್ಯದಲ್ಲಿ ಅದು ಮಾಯವಾಗುವುದಕ್ಕೂ ಇದೇ ವಿವರಣೆ. ಆಸನವನ್ನು ಈ ಎರಡೂ ತುದಿಗಳಿಂದ ತಪ್ಪಿಸಿ, ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ತಂದರೆ ಯಾವ ಖರ್ಚೂ ಇಲ್ಲದೆ ಸುಧಾರಣೆ ಕಂಡುಬರುತ್ತದೆ.

ಸ್ಪೀಕರ್ ಮತ್ತು ಅದರ ಹಿಂದಿನ ಗೋಡೆಯ ನಡುವಿನ ಅಂತರವೂ ಮುಖ್ಯ. ವೂಫರ್ ಗೋಡೆಯಿಂದ ಒಂದು ಮೀಟರ್ ದೂರವಿದ್ದರೆ, ಗೋಡೆಗೆ ತಗುಲಿ ಮರಳುವ ಅಲೆ ಸುಮಾರು 86 ಹರ್ಟ್ಸ್‌ನಲ್ಲಿ ನೇರ ಅಲೆಗೆ ವಿರುದ್ಧವಾಗಿ ನಿಂತು ಅಲ್ಲೊಂದು ಹಳ್ಳವನ್ನು ತೋಡುತ್ತದೆ.

ಸಬ್‌ವೂಫರ್ ಎಲ್ಲಿರಬೇಕು

5.1 ಎಂಬ ಅಂಕಿಯಲ್ಲಿನ .1 ಚಲನಚಿತ್ರದ ಸ್ಫೋಟ, ಗುಡುಗುಗಳಂತಹ ಮಂದ್ರ ಪರಿಣಾಮಗಳಿಗೆ ಮೀಸಲಾದ ವಾಹಿನಿ. ಅದು 120 ಹರ್ಟ್ಸ್‌ವರೆಗಿನ ಧ್ವನಿಯನ್ನು ಹೊರುತ್ತದೆ. ಮನೆಯ ವ್ಯವಸ್ಥೆಗಳಲ್ಲಿ ಸಬ್‌ವೂಫರ್ ಇದರ ಜೊತೆಗೆ ಉಳಿದ ಸ್ಪೀಕರುಗಳ ಬಾಸನ್ನೂ ವಹಿಸಿಕೊಳ್ಳುತ್ತದೆ. ಈ ವಿಭಜನೆಗೆ 80 ಹರ್ಟ್ಸ್ ಸಾಮಾನ್ಯ ಗಡಿ. ಅದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗುರುತಿಸುವುದು ಕೋಣೆಯೊಳಗೆ ಕಿವಿಗೆ ಕಷ್ಟ. ಆದ್ದರಿಂದ ಸಬ್‌ವೂಫರನ್ನು ಟಿವಿಯ ಪಕ್ಕದಲ್ಲೇ ಇಡಬೇಕೆಂಬ ನಿಯಮವಿಲ್ಲ.

ಮೂಲೆಯಲ್ಲಿಟ್ಟರೆ ನೆಲ ಮತ್ತು ಎರಡು ಗೋಡೆಗಳ ಬೆಂಬಲದಿಂದ ಬಾಸ್‌ನ ಪ್ರಮಾಣ ಹೆಚ್ಚುತ್ತದೆ. ಆದರೆ ಕೋಣೆಯ ಎಲ್ಲ ಅನುನಾದಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಗೋಡೆಯ ಮಧ್ಯದಲ್ಲಿಟ್ಟರೆ ಆ ಗೋಡೆಯ ಉದ್ದಕ್ಕೆ ಸಂಬಂಧಿಸಿದ ಮೊದಲ ಅನುನಾದ ಕೆರಳುವುದಿಲ್ಲ. ಗೋಡೆಯಿಂದ ಎರಡಡಿಯೊಳಗೆ ಇಟ್ಟರೆ, ಹಿಂದೆ ಹೇಳಿದ ಹಳ್ಳವು ಸಬ್‌ವೂಫರಿನ ಕಾರ್ಯವ್ಯಾಪ್ತಿಯಿಂದ ಮೇಲಕ್ಕೆ ಸರಿದುಬಿಡುತ್ತದೆ.

ಉತ್ತಮ ಸ್ಥಳವನ್ನು ಉಪಕರಣವಿಲ್ಲದೆ ಹುಡುಕುವ ಒಂದು ವಿಧಾನ ಬಳಕೆಯಲ್ಲಿದೆ. ಸಬ್‌ವೂಫರನ್ನು ಕೇಳುಗರು ಕೂರುವ ಜಾಗದಲ್ಲೇ ಇಟ್ಟು, ಬಾಸ್ ಸ್ವರಗಳು ಏರಿಳಿಯುವ ಒಂದು ಹಾಡನ್ನು ಪದೇಪದೇ ನುಡಿಸಬೇಕು. ಬಳಿಕ ಗೋಡೆಗಳ ಅಂಚಿನಲ್ಲಿ, ಸಬ್‌ವೂಫರ್ ಇಡಲು ಸಾಧ್ಯವಿರುವ ಒಂದೊಂದು ಕಡೆಯೂ ತಲೆಯನ್ನು ನೆಲದ ಸಮೀಪಕ್ಕೆ ಬಗ್ಗಿಸಿ ಆಲಿಸಬೇಕು. ಎಲ್ಲ ಸ್ವರಗಳೂ ಸಮನಾಗಿ ಕೇಳಿಸುವ ತಾಣವೇ ಸಬ್‌ವೂಫರಿಗೆ ಸೂಕ್ತ. ಧ್ವನಿಯ ಮೂಲ ಮತ್ತು ಕೇಳುಗನ ಸ್ಥಾನಗಳನ್ನು ಅದಲುಬದಲು ಮಾಡಿದರೂ ಫಲಿತಾಂಶ ಬದಲಾಗದು ಎಂಬ ತತ್ತ್ವ ಇದಕ್ಕೆ ಆಧಾರ. 1877–78ರಲ್ಲಿ ಪ್ರಕಟವಾದ ರಾಲೀ ಪ್ರಭುವಿನ ಧ್ವನಿಸಿದ್ಧಾಂತದ ಗ್ರಂಥದಲ್ಲಿ ಈ ತತ್ತ್ವದ ವಿವರಣೆಯಿದೆ.

ಒಂದೋ, ಎರಡೋ?

ಒಂದು ಸಬ್‌ವೂಫರ್ ಒಂದು ಆಸನಕ್ಕೆ ಹಿತವಾಗಬಹುದು, ಇಡೀ ಸೋಫಾಕ್ಕೆ ಆಗುವುದು ಅಪರೂಪ. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನವು ಆಯತಾಕಾರದ ಕೋಣೆಗಳಲ್ಲಿ ಸಬ್‌ವೂಫರುಗಳ ಸಂಖ್ಯೆ ಮತ್ತು ಸ್ಥಾನಗಳನ್ನು ಹೋಲಿಸಿ ನೋಡಿತು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್‌ವೂಫರ್ ಇಟ್ಟಾಗ ಆಸನದಿಂದ ಆಸನಕ್ಕೆ ಇರುವ ವ್ಯತ್ಯಾಸ ಗಣನೀಯವಾಗಿ ಕುಗ್ಗಿತು. ನಾಲ್ಕಕ್ಕಿಂತ ಹೆಚ್ಚು ಇಟ್ಟಿದ್ದರಿಂದ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಎರಡು ಬದಿಗಳಿಂದ ಒಂದೇ ಬಲದಲ್ಲಿ ತಳ್ಳಿದಾಗ ಅವುಗಳ ನಡುವಿನ ಮೊದಲ ಅನುನಾದ ಏಳಲಾರದು ಎಂಬುದೇ ಇದರ ಗುಟ್ಟು. ಒಂದೇ ಭಾರಿ ಸಬ್‌ವೂಫರಿಗೆ ಕೊಡುವ ಹಣದಲ್ಲಿ ಎರಡು ಸಾಧಾರಣ ಗಾತ್ರದವನ್ನು ಕೊಳ್ಳುವುದು ಕುಟುಂಬದ ಹಲವರು ಕೂಡಿ ಕುಳಿತು ನೋಡುವ ಮನೆಗೆ ಹೆಚ್ಚು ಹೊಂದುತ್ತದೆ.

ಮೈಕ್ರೊಫೋನಿನಿಂದ ಕೋಣೆಯನ್ನು ಅಳೆದು ಧ್ವನಿಯನ್ನು ತಾನಾಗಿಯೇ ತಿದ್ದುವ ಸೌಲಭ್ಯ ಇಂದಿನ ಅನೇಕ ರಿಸೀವರುಗಳಲ್ಲಿದೆ. ಉಬ್ಬಿದ ಸ್ವರಗಳನ್ನು ತಗ್ಗಿಸುವುದರಲ್ಲಿ ಇದು ನಿಜಕ್ಕೂ ಸಮರ್ಥ. ಅಲೆಗಳು ಪರಸ್ಪರ ಅಳಿಸಿಹೋದ ಕಡೆ ಮಾತ್ರ ಇದರ ಆಟ ನಡೆಯುವುದಿಲ್ಲ. ಅಲ್ಲಿ ಧ್ವನಿಯನ್ನು ಹೆಚ್ಚಿಸಿದಷ್ಟೂ ಅಳಿಸುವ ಅಲೆಯೂ ಹೆಚ್ಚುತ್ತದೆ. 10 ಡೆಸಿಬೆಲ್ ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಸುರಿಯಬೇಕಾಗುತ್ತದೆ. ಆದ್ದರಿಂದ ಮೊದಲು ಸ್ಥಳ, ಆಮೇಲೆ ಯಂತ್ರದ ತಿದ್ದುಪಡಿ ಎಂಬ ಕ್ರಮ ಅನಿವಾರ್ಯ.

ನೆರೆಮನೆಯವರ ಪಾಲು

ಅಪಾರ್ಟ್‌ಮೆಂಟುಗಳಲ್ಲಿ ಸಬ್‌ವೂಫರ್ ನೆರೆಹೊರೆಯ ಪ್ರಶ್ನೆಯೂ ಹೌದು. ಗೋಡೆಗಳು ತಾರಸ್ವರಗಳನ್ನು ಸುಲಭವಾಗಿ ತಡೆಯುತ್ತವೆ, ಮಂದ್ರಸ್ವರಗಳನ್ನು ತಡೆಯುವುದು ಕಡಿಮೆ. ಪೆಟ್ಟಿಗೆಯ ಕೆಳಗೆ ಇಡುವ ರಬ್ಬರ್ ಹಾಸು ನೆಲಕ್ಕೆ ಇಳಿಯುವ ಕಂಪನವನ್ನು ತಗ್ಗಿಸಬಹುದು. ಗಾಳಿಯ ಮೂಲಕ ಗೋಡೆಯನ್ನು ಅಲುಗಿಸುವ ಧ್ವನಿಗೆ ಅದು ಅಡ್ಡಿಯಾಗದು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. 2010ರ ತಿದ್ದುಪಡಿಯಂತೆ ಖಾಸಗಿ ಧ್ವನಿವ್ಯವಸ್ಥೆಯ ಶಬ್ದವು ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚಾಗಿ ಮೀರುವಂತಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಅಳತೆಗೆ ಬಳಸುವ ಎ ಮಾಪನ ಕಿವಿಯ ಸಂವೇದನೆಗೆ ತಕ್ಕಂತೆ ಮಂದ್ರಸ್ವರಗಳ ಲೆಕ್ಕವನ್ನು ತಗ್ಗಿಸುತ್ತದೆ. 50 ಹರ್ಟ್ಸ್‌ನಲ್ಲಿ ಈ ಕಡಿತ ಸುಮಾರು 30 ಡೆಸಿಬೆಲ್. ಮೀಟರಿನಲ್ಲಿ ಮಿತಿಯೊಳಗೇ ಕಾಣುವ ಧ್ವನಿ ಪಕ್ಕದ ಮನೆಯ ಮಲಗುವ ಕೋಣೆಯಲ್ಲಿ ಗುದ್ದಿದಂತೆ ಭಾಸವಾಗಬಹುದು. ಕೆಲವು ರಿಸೀವರುಗಳಲ್ಲಿರುವ ರಾತ್ರಿ ಆಯ್ಕೆಯನ್ನು ಬಳಸುವುದು, ಹಂಚಿಕೊಂಡ ಗೋಡೆಯಿಂದ ಸಬ್‌ವೂಫರನ್ನು ದೂರವಿಡುವುದು ಇದಕ್ಕಿರುವ ಪ್ರಾಯೋಗಿಕ ಪರಿಹಾರಗಳು.

ಅನುಸರಿಸಬಹುದಾದ ಕ್ರಮ

ಹೊಸದಾಗಿ ಧ್ವನಿವ್ಯವಸ್ಥೆ ಅಳವಡಿಸುವವರು ಮೊದಲು ಆಸನವನ್ನು ಹಿಂಗೋಡೆಯಿಂದಲೂ ಕೋಣೆಯ ನಡುಮಧ್ಯದಿಂದಲೂ ತಪ್ಪಿಸಬೇಕು. ಎಡ ಬಲ ಸ್ಪೀಕರುಗಳು ಮತ್ತು ಕೇಳುಗ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರುವಂತೆ, ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಬೇಕು. ಬಳಿಕ ಜಮಖಾನ, ಪರದೆ, ಪುಸ್ತಕಗಳಿಂದ ಕೋಣೆಯ ಅನುರಣನವನ್ನು ಹದಕ್ಕೆ ತರಬೇಕು. ಆಮೇಲೆ ಸಬ್‌ವೂಫರಿನ ಸ್ಥಳವನ್ನು ಆಲಿಸಿ ನಿರ್ಧರಿಸಿ, ಕೊನೆಯಲ್ಲಿ ಯಂತ್ರದ ತಿದ್ದುಪಡಿಗೆ ಕೈಹಾಕಬೇಕು. ಇಷ್ಟಾದ ಮೇಲೂ ಮಾತು ಮತ್ತು ಸಂಗೀತದ ಮೇಲ್‌ಸ್ವರಗಳಲ್ಲಿ ಕೊರತೆ ಉಳಿದಿದ್ದರೆ, ಸ್ಪೀಕರನ್ನೇ ಬದಲಿಸುವ ಮಾತು ಆಗ ಬರುತ್ತದೆ. ಬಾಸ್‌ನ ತೊಂದರೆಗಾಗಿ ಸ್ಪೀಕರ್ ಬದಲಿಸುವವರು ಕೋಣೆಯ ತಪ್ಪಿಗೆ ಪೆಟ್ಟಿಗೆಯ ಬೆಲೆ ತೆತ್ತಂತಾಗುತ್ತದೆ.